ಹಳೆ ಟ್ರ್ಯಾಕ್ಟರಿನ ಮೂಲ ಬಣ್ಣ ಓದುವುದು ಹೇಗೆ: ಕಲಿಯುವವರಿಗೆ ಒಂದು ಟಿಪ್ಪಣಿ

ಬಾನೆಟ್ಟಿಗೆ ಪೇಂಟ್ ರಿಮೂವರ್ ಹಚ್ಚುವ ಮೊದಲು ಇದನ್ನು ಓದಿ. ಹಚ್ಚಿದ ಮೇಲೆ ಓದಿದರೆ ಅರ್ಧ ಉಪಯೋಗ ಮಾತ್ರ.

ನಮ್ಮ ಮನೆಯದು ಹಳೆ ಮ್ಯಾಸಿ 1035. ಊರು ಮಂಡ್ಯ ಕಡೆ. ವರ್ಷಗಟ್ಟಲೆ ಕಬ್ಬು ಎಳೆದ ಗಾಡಿ. ಮೊದಲ ಸಲ ಅದಕ್ಕೆ ಕೈ ಹಾಕಿದಾಗ ಬಾನೆಟ್ಟನ್ನು ಪೂರ್ತಿ ತಗಡು ಕಾಣುವವರೆಗೆ ಕೆರೆದುಬಿಟ್ಟೆ. ಆಮೇಲೆ ಕೆಂಪು ಹೊಂದಿಸಲು ಮಡ್‌ಗಾರ್ಡಿನ ಅಂಚಿನ ಒಂದು ತುಂಡು ಹಿಡಿದುಕೊಂಡು ಪೇಂಟ್ ಅಂಗಡಿಗೆ ಹೋದೆ. ಆ ತುಂಡಿಗೆ ಬಣ್ಣ ಚೆನ್ನಾಗಿಯೇ ಹೊಂದಿತು. ಗಾಡಿ ಹೊಡೆಸಿ ಕಣದಲ್ಲಿ ನಿಲ್ಲಿಸಿದಾಗ ಚಿಕ್ಕಪ್ಪ ಒಂದು ಸುತ್ತು ಬಂದು, "ಇದು ನಮ್ಮ ಗಾಡಿ ಕೆಂಪಲ್ಲ ಕಣೋ. ಇಟ್ಟಿಗೆ ಬಣ್ಣ ಆಗೋಗದೆ" ಅಂದರು. ಅವರ ಮಾತು ನಿಜ. ಇಪ್ಪತ್ತು ಮೂವತ್ತು ಬೇಸಿಗೆಯ ಬಿಸಿಲಿಗೆ ಬೆಂದ ಬಣ್ಣಕ್ಕೆ ನಾನು ಹೊಂದಿಸಿದ್ದೆ. ಗಾಡಿ ಫ್ಯಾಕ್ಟರಿಯಿಂದ ಬಂದಾಗಿನ ಕೆಂಪು ಇದ್ದದ್ದು ನಾನು ಕೆರೆದು ಗುಡಿಸಿ ಹಾಕಿದ ಧೂಳಿನಲ್ಲಿ.

ಅದಕ್ಕೇ ಈ ಟಿಪ್ಪಣಿ. ಮೂಲ ಬಣ್ಣ ಗಾಡಿಯ ಮೈಮೇಲೆಯೇ ಎಲ್ಲೋ ಇರುತ್ತದೆ. ಅದನ್ನು ಹುಡುಕಿ, ಓದಿ, ಗುರುತು ಹಾಕಿಕೊಂಡ ಮೇಲೆಯೇ ಎಮರಿ ಪೇಪರ್ ಕೈಗೆತ್ತಿಕೊಳ್ಳಬೇಕು.

ಮೊದಲು ನಂಬರು, ಆಮೇಲೆ ಬಣ್ಣ

"ಫೋರ್ಡ್‌ಸನ್ ಅಂದ್ರೆ ನೀಲಿ, ಮ್ಯಾಸಿ ಅಂದ್ರೆ ಕೆಂಪು" ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಆದರೆ ಒಂದೇ ಮಾಡೆಲ್ ಬೇರೆ ಬೇರೆ ವರ್ಷ ಬೇರೆ ಬೇರೆ ಬಣ್ಣದಲ್ಲಿ ಬಂದಿರುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನಲ್ಲಿ ತಯಾರಾದ ಫೋರ್ಡ್‌ಸನ್ ಎನ್. 1933ರಲ್ಲಿ ಅದು ಕಡುನೀಲಿ ಮೈ, ಕಿತ್ತಳೆ ಚಕ್ರ. 1937ರಲ್ಲಿ ಮೈಯೇ ಕಿತ್ತಳೆ ಆಯಿತು. ಎರಡನೇ ಮಹಾಯುದ್ಧ ಬಂತು. ಹೊಲದಲ್ಲಿ ನಿಂತ ಕಿತ್ತಳೆ ಟ್ರ್ಯಾಕ್ಟರು ಮೇಲೆ ಹಾರುವ ಜರ್ಮನ್ ವಿಮಾನಗಳಿಗೆ ಸುಲಭವಾಗಿ ಕಾಣುತ್ತದೆ ಅಲ್ವಾ? 1940ರಿಂದ ಹಸಿರು ಹೊಡೆದರು. ಒಂದೇ ಗಾಡಿ, ಮೂರು ಬಣ್ಣ. ಮೂರೂ ಮೂಲವೇ.

ಅಮೆರಿಕದ ಫಾರ್ಮಾಲ್ ಎಫ್-20 ಕೂಡ ಹೀಗೆಯೇ. 1936ರ ನವೆಂಬರ್‌ವರೆಗೆ ಬೂದು, ಅಲ್ಲಿಂದ ಮುಂದೆ ಕೆಂಪು.

ನಮಗೆ ಹತ್ತಿರದ ಕಥೆ ಫರ್ಗ್ಯೂಸನ್‌ದು. ಇಂಗ್ಲೆಂಡಿನ ಕವೆಂಟ್ರಿಯ ಬ್ಯಾನರ್ ಲೇನ್ ಫ್ಯಾಕ್ಟರಿಯಲ್ಲಿ 1946ರಿಂದ 1956ರವರೆಗೆ ಬಂದ ಟಿಇ20 ಅಡಿಯಿಂದ ಮುಡಿಯವರೆಗೆ ಬೂದು. ಇಂಜಿನ್ನೂ ಬೂದು, ಬಾನೆಟ್ಟೂ ಬೂದು. 1956ರಲ್ಲಿ ಎಫ್‌ಇ35 ಬಂದಾಗ ತಗಡು ಬೂದು, ಇಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರ ಹೊಳೆಯುವ ಕಂಚಿನ ಬಣ್ಣ. ಬ್ರಿಟನ್ನಿನ ರೈತರು ಅದನ್ನು ಇವತ್ತಿಗೂ ಬೂದು-ಬಂಗಾರದ ಫರ್ಗಿ ಎಂದೇ ಕರೆಯುತ್ತಾರೆ. 1957ರ ಕೊನೆಗೆ ಅದೇ ಗಾಡಿ ಮ್ಯಾಸಿ ಫರ್ಗ್ಯೂಸನ್ 35 ಆಯಿತು. ತಗಡು ಕೆಂಪು, ಇಂಜಿನ್ ಬೂದು. ನಮ್ಮ ದೇಶದ ಟ್ರ್ಯಾಕ್ಟರ್ ಕಂಪನಿ ಟಾಫೆ 1960ರಲ್ಲಿ ಮದರಾಸಿನಲ್ಲಿ ಮ್ಯಾಸಿ ಫರ್ಗ್ಯೂಸನ್ ಸಹಯೋಗದಲ್ಲಿ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ನೋಡಿರುವ ಟಾಫೆಯ 1035 ಆ 35ರ ವಂಶದ್ದೇ. ಕೆಂಪು-ಬೂದು ಜೋಡಿಯೂ ಅಲ್ಲಿಂದಲೇ ಬಂದದ್ದು.

ಹಾಗಾಗಿ ಮೊದಲ ಕೆಲಸ, ಡ್ಯಾಶ್‌ಬೋರ್ಡಿನ ಮೇಲಿರುವ ಫ್ಯಾಕ್ಟರಿಯ ನಂಬರ್ ಪ್ಲೇಟ್ (ನೋಂದಣಿ ಪ್ಲೇಟ್ ಅಲ್ಲ, ಸೀರಿಯಲ್ ನಂಬರಿನದು) ಓದಿ ತಯಾರಾದ ವರ್ಷ ತಿಳಿಯುವುದು. ಎರಡನೇ ಕೆಲಸ, ಯಾವ ಭಾಗ ಈ ಗಾಡಿಯದೇ, ಯಾವುದು ಬೇರೆ ಗಾಡಿಯಿಂದ ಬಂದದ್ದು ಎಂದು ಬೇರ್ಪಡಿಸುವುದು. ಹಳೆ ಗಾಡಿಗಳಲ್ಲಿ ಬಾನೆಟ್ಟೂ ಮಡ್‌ಗಾರ್ಡೂ ಊರೂರು ಸುತ್ತಿರುತ್ತವೆ. ಪರರ ಬಾನೆಟ್ಟಿನಲ್ಲಿ ನಮ್ಮ ಬಣ್ಣ ಹುಡುಕಿದರೆ ಸಿಗುವುದಿಲ್ಲ.

ಎಲ್ಲಿ ಹುಡುಕಬೇಕು

ಇಲ್ಲಿ ಒಂದು ಸೂಕ್ಷ್ಮ ಇದೆ. ತಗಡಿನ ಭಾಗಗಳನ್ನು ಫ್ಯಾಕ್ಟರಿಯಲ್ಲಿ ಬೇರೆಯಾಗಿ ಬಣ್ಣ ಹೊಡೆದು ಆಮೇಲೆ ಜೋಡಿಸುತ್ತಿದ್ದರು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಸಾಮಾನ್ಯವಾಗಿ ಜೋಡಿಸಿದ ಮೇಲೆ ಒಟ್ಟಿಗೆ ಬಣ್ಣ ಕಾಣುತ್ತಿದ್ದವು. ಅದಕ್ಕೇ ಎರಡು ಕಡೆ ಹುಡುಕುವ ರೀತಿ ಬೇರೆ.

ತಗಡಿನಲ್ಲಿ ಮುಚ್ಚಿದ ಜಾಗ ನೋಡಿ. ಡ್ಯಾಶ್‌ಬೋರ್ಡಿನ ನಂಬರ್ ಪ್ಲೇಟಿನ ಹಿಂದೆ, ಬಾನೆಟ್ಟಿನ ಲಾಂಛನದ ಹಿಂದೆ, ಮೀಟರ್ ಬಿಚ್ಚಿದರೆ ಅದರ ಸುತ್ತಿನ ಉಂಗುರದಡಿ, ಮಡ್‌ಗಾರ್ಡ್ ಬೋಲ್ಟಿನ ವಾಷರಿನಡಿ, ಟೂಲ್ ಬಾಕ್ಸ್ ಕೂತ ಜಾಗದಲ್ಲಿ. ಬ್ಯಾಟರಿ ಟ್ರೇ ಬೇಡ. ಆಸಿಡ್ ಅಲ್ಲಿ ಏನನ್ನೂ ಉಳಿಸಿರುವುದಿಲ್ಲ. ಬಾನೆಟ್ಟಿನ ಒಳಮೈಯೂ ಅಷ್ಟು ನಂಬಿಕೆಗೆ ಅರ್ಹವಲ್ಲ. ಅಲ್ಲಿ ಬಣ್ಣ ತೆಳ್ಳಗೆ ಬಿದ್ದಿರುತ್ತದೆ, ಪ್ರೈಮರ್ ಒಳಗಿಂದ ಇಣುಕುತ್ತದೆ.

ಇಂಜಿನ್, ಗೇರ್‌ಬಾಕ್ಸಿನಂಥ ಎರಕದ ಭಾಗಗಳಲ್ಲಿ ಎರಡು ಭಾಗ ಸೇರುವ ಮುಖದ ನಡುವೆ ಬಣ್ಣವೇ ಇರುವುದಿಲ್ಲ. ಅವುಗಳ ಹೊರಮೈಯಲ್ಲಿ ಗ್ರೀಸು ಗಟ್ಟಿಯಾದ ಮೂಲೆಗಳೇ ನಮ್ಮ ಖಜಾನೆ. ಹೈಡ್ರಾಲಿಕ್ ಲಿಫ್ಟಿನ ಕೆಳಗೆ, ಫುಟ್‌ಬೋರ್ಡಿನ ಬ್ರಾಕೆಟ್ ಹಿಂದೆ ಬೆರಳು ದಪ್ಪ ಗ್ರೀಸು-ಮಣ್ಣು ಕಟ್ಟಿರುತ್ತದೆ ನೋಡಿ, ಅದನ್ನು ಮರದ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ನಮ್ಮ 1035ರ ಬೂದು ಸಿಕ್ಕಿದ್ದು ಹಾಗೆಯೇ. ಹೊರಗಡೆ ಅದು ಸಿಮೆಂಟಿನ ಹಾಗೆ ಸತ್ತುಹೋಗಿತ್ತು. ಗ್ರೀಸಿನಡಿ ಪಾರಿವಾಳದ ಕುತ್ತಿಗೆಯ ಹಾಗೆ ಹೊಳಪಿತ್ತು.

ಉಂಗುರ ತೆಗೆಯುವುದು

ನಮ್ಮ ಕಡೆಯ ಗಾಡಿಗಳಲ್ಲಿ ಪದರಗಳು ಜಾಸ್ತಿ. ಆಯುಧಪೂಜೆ ಹತ್ತಿರ ಬಂದರೆ ಸಾಕು, ಒಂದು ಡಬ್ಬಿ ಎನಾಮೆಲ್ ತಂದು ಬ್ರಷ್ಷಿನಲ್ಲೇ ಬಳಿದುಬಿಡುತ್ತೇವೆ. ಆ ಪದರಗಳಲ್ಲಿ ಫ್ಯಾಕ್ಟರಿಯದು ಯಾವುದು? ಅದಕ್ಕೆ ಉಂಗುರದ ವಿಧಾನ.

ಚಪ್ಪಟೆ ಜಾಗ ಆರಿಸಿ. ಸೋಪು ನೀರು ಹಾಕಿ 320 ನಂಬರಿನ ವಾಟರ್ ಪೇಪರಿನಲ್ಲಿ ಒಂದು ರೂಪಾಯಿ ಅಗಲ ಉಜ್ಜಿ, ನಡುವೆ ತಗಡು ಕಾಣುವವರೆಗೆ. ಆಮೇಲೆ 600, 1000 ಪೇಪರಿನಲ್ಲಿ ಅಂಚನ್ನು ಹೊರಕ್ಕೆ ಅಗಲಿಸುತ್ತಾ ಬನ್ನಿ. ಮರದ ಕಾಂಡದಲ್ಲಿ ವರ್ಷದ ಉಂಗುರ ಕಾಣುವ ಹಾಗೆ ಪದರಗಳು ಒಂದರ ಸುತ್ತ ಒಂದು ತೆರೆದುಕೊಳ್ಳುತ್ತವೆ. ನಡುವೆ ತಗಡು, ಸುತ್ತ ಪ್ರೈಮರ್, ಅದರ ಸುತ್ತ ಮೊದಲ ಬಣ್ಣ. ಹೊರಗೆ ಹೋದಂತೆ ಒಂದೊಂದು ಆಯುಧಪೂಜೆ.

ತಗಡಿಗೆ ಹತ್ತಿರದ್ದೇ ಮೂಲ ಎಂದು ತಕ್ಷಣ ನಂಬಬೇಡಿ. ಬಣ್ಣದ ಕೆಳಗೆ ತುಕ್ಕಿನ ಕಲೆ ಇದ್ದರೆ ಆ ಜಾಗವನ್ನು ಯಾರೋ ಒಮ್ಮೆ ಕೆರೆದು ಹೊಡೆದಿದ್ದಾರೆ. ತಗ್ಗು ತುಂಬಲು ಹಚ್ಚುವ ಪುಟ್ಟಿ ಸಿಕ್ಕರೂ ಅದೇ ಅರ್ಥ. ಮೂಲ ಬಣ್ಣ ಮತ್ತು ಮೊದಲ ಮರುಬಣ್ಣದ ನಡುವೆ ತುಂಬಾ ಸಲ ಸಣ್ಣ ಕಪ್ಪು ಗೆರೆ ಸಿಗುತ್ತದೆ. ಅದು ವರ್ಷಗಳ ಧೂಳು, ಎಣ್ಣೆ. ಭೂತಗನ್ನಡಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಕನಿಷ್ಠ ಮೂರು ಕಡೆ ಉಂಗುರ ತೆಗೆದು ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಒಪ್ಪಿಕೊಳ್ಳಿ.

ಇದು ಖಂಡಿತ ನೆನಪಿರಲಿ: ಹಳೆ ಪೇಂಟಿನಲ್ಲಿ ಸೀಸ ಇರುತ್ತದೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಇನ್ನೂ ಜಾಸ್ತಿ. ಭಾರತದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಅದೂ ಮನೆಗೆ ಬಳಿಯುವ ಬಣ್ಣಗಳಿಗೆ. ಆದ್ದರಿಂದ ಒಣಗಿದ ಬಣ್ಣವನ್ನು ಗ್ರೈಂಡರಿನಲ್ಲಿ ಉಜ್ಜಬೇಡಿ. ಒದ್ದೆಯಾಗಿಯೇ ಉಜ್ಜಿ. ಕೊಟ್ಟಿಗೆ ಹತ್ತಿರ ಈ ಕೆಲಸ ಬೇಡವೇ ಬೇಡ. ದನಗಳು ಬಣ್ಣದ ಚಕ್ಕೆ ನೆಕ್ಕಿದರೆ ಸೀಸದ ವಿಷ ಏರಿ ಸಾಯಬಹುದು. ಕೆಳಗೆ ಪ್ಲಾಸ್ಟಿಕ್ ಹಾಸಿ, ಕೆಸರನ್ನು ಕಟ್ಟಿ ಬೇರೆ ಇಡಿ. ಮಕ್ಕಳನ್ನು ದೂರ ಇಡಿ.

ಅಡಗಿದ ಬಣ್ಣವೂ ಪೂರ್ತಿ ನಿಜ ಹೇಳುವುದಿಲ್ಲ

ಇದು ನಾನು ತಡವಾಗಿ ಕಲಿತದ್ದು. ಬಿಸಿಲು ಬಣ್ಣ ಕೆಡಿಸುತ್ತದೆ, ಹಾಗಾದರೆ ಕತ್ತಲಲ್ಲಿದ್ದ ಬಣ್ಣ ಹಾಗೇ ಉಳಿದಿರಬೇಕು ಎಂದುಕೊಂಡಿದ್ದೆ. ಎಣ್ಣೆ ಬೆರೆತ ಎನಾಮೆಲ್ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ಕೆಂಪಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಬೂದು, ಬಿಳಿ, ತಿಳಿನೀಲಿಯಲ್ಲಿ ತುಂಬಾ ಗೊತ್ತಾಗುತ್ತದೆ. ಪ್ಲೇಟಿನ ಹಿಂದೆ ಸಿಕ್ಕ ಬೂದನ್ನು ಹಾಗೇ ಹೊಂದಿಸಿದರೆ ಗಾಡಿಗೆ ಮಜ್ಜಿಗೆಯ ಛಾಯೆ ಬರುತ್ತದೆ. ಪರಿಹಾರ ಸುಲಭ. ಆ ತುಂಡನ್ನು ಕೆಲವು ದಿನ ಕಿಟಕಿಯ ಬೆಳಕಿನಲ್ಲಿಡಿ. ಕತ್ತಲಿಗೆ ಬಂದ ಹಳದಿ ಬೆಳಕಿಗೆ ಬಹುಪಾಲು ಹೋಗುತ್ತದೆ. ದಿನಾ ಒಂದೇ ಹೊತ್ತಿಗೆ ನೋಡಿ. ಬದಲಾಗುವುದು ನಿಂತ ಮೇಲೆ ಹೊಂದಿಸಿ.

ಇನ್ನೊಂದು ಮೋಸ ಹೊಳಪಿನದು. ಮೇಲ್ಮೈ ಒರಟಾದರೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ. ಬಣ್ಣದ ಮೇಲೆ ಬಿಳಿ ತೆರೆ ಎಳೆದ ಹಾಗಾಗುತ್ತದೆ. ಒಣಗಿದ ಹೊಳೆಗಲ್ಲು ಬೂದಾಗಿ ಕಂಡು, ನೀರು ಬಿದ್ದರೆ ಕಪ್ಪಾಗುವುದಿಲ್ಲವೇ, ಅದೇ ಲೆಕ್ಕ. ಅದಕ್ಕೇ ಸಿಕ್ಕ ಜಾಗವನ್ನು 2000 ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ಬರಿಸಿಯೇ ನೋಡಬೇಕು.

ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ

ಸೀರೆ ಅಂಗಡಿಯಲ್ಲಿ ಅಮ್ಮಂದಿರು ಸೀರೆಯನ್ನು ಬಾಗಿಲಿಗೆ ತಂದು ನೋಡುತ್ತಾರಲ್ಲ, ಪೇಂಟಿಗೂ ಅದೇ ಬೇಕು. ಎರಡು ಕೆಂಪು ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣಬಹುದು, ಹೊರಗೆ ಬಂದರೆ ಒಂದು ಕಿತ್ತಳೆಗೆ, ಇನ್ನೊಂದು ಗುಲಾಬಿಗೆ ಎಳೆಯಬಹುದು. ಎರಡರಲ್ಲೂ ಬಳಸಿದ ಬಣ್ಣದ ಪುಡಿಗಳು ಬೇರೆ ಎನ್ನುವುದೇ ಇದಕ್ಕೆ ಕಾರಣ. ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಹಳೆ ಗಾಡಿಗೆ ಬಳಸಿದ ಸೀಸದ ಪುಡಿಗಳು ಇವತ್ತಿನ ಎಷ್ಟೋ ಡಬ್ಬಿಗಳಲ್ಲಿ ಇರುವುದಿಲ್ಲ. ಹೀಗಾಗಿ ಎಲ್ಲ ಬೆಳಕಿನಲ್ಲೂ ಹೊಂದುವ ಬಣ್ಣ ಸಿಗುವುದು ಕಷ್ಟ. ಆರಿಸಬೇಕು. ನನ್ನ ಮಟ್ಟಿಗೆ ಟ್ರ್ಯಾಕ್ಟರು ಬಯಲಿನ ಗಾಡಿ, ಅದು ಹಗಲಿನಲ್ಲಿ ಹೊಂದಬೇಕು. ಬೆಳಗ್ಗೆ ಹತ್ತರ ಹೊತ್ತಿಗೆ, ನೇರ ಬಿಸಿಲಿನಲ್ಲಲ್ಲ, ತೆರೆದ ನೆರಳಿನಲ್ಲಿ ನೋಡಿ. ಮೈಮೇಲೆ ಕೆಂಪು ಅಂಗಿ ಇದ್ದರೆ ಬದಲಾಯಿಸಿ ಬನ್ನಿ. ಅಂಗಿಯ ಬಣ್ಣ ತಗಡಿನ ಮೇಲೆ ಬೀಳುತ್ತದೆ.

ಮೆಷಿನ್ ಹೇಳುವುದು

ದೊಡ್ಡ ಪೇಂಟ್ ಅಂಗಡಿಗಳಲ್ಲಿ ಬಣ್ಣ ಅಳೆಯುವ ಮೆಷಿನ್, ಸ್ಪೆಕ್ಟ್ರೋಫೋಟೋಮೀಟರ್, ಇರುತ್ತದೆ. ಅದು ಕೊಡುವುದು ಮೂರು ಅಂಕಿ. ಎಲ್ ಅಂದರೆ ಎಷ್ಟು ತಿಳಿ: 0 ಕಪ್ಪು, 100 ಬಿಳಿ. ಎ ಹೆಚ್ಚಾದರೆ ಕೆಂಪಿನ ಕಡೆ, ಕಡಿಮೆಯಾದರೆ ಹಸಿರಿನ ಕಡೆ. ಬಿ ಹೆಚ್ಚಾದರೆ ಹಳದಿ, ಕಡಿಮೆಯಾದರೆ ನೀಲಿ. ಎರಡು ಬಣ್ಣಗಳ ನಡುವಿನ ದೂರಕ್ಕೆ ಡೆಲ್ಟಾ ಇ ಎನ್ನುತ್ತಾರೆ. ಅದರ ಸರಳ ಲೆಕ್ಕ ಶಾಲೆಯ ಪೈಥಾಗರಸ್ಸೇ. ಎಲ್‌ನಲ್ಲಿ 1, ಎಯಲ್ಲಿ 2, ಬಿಯಲ್ಲಿ 2 ವ್ಯತ್ಯಾಸ ಇದ್ದರೆ, ವರ್ಗಗಳ ಮೊತ್ತ 9, ಅದರ ವರ್ಗಮೂಲ 3. ದೂರ 1ರ ಆಸುಪಾಸಿದ್ದರೆ ಪಕ್ಕಪಕ್ಕ ಇಟ್ಟರೂ ಹೆಚ್ಚಿನವರ ಕಣ್ಣಿಗೆ ಗೊತ್ತಾಗುವುದಿಲ್ಲ. 3 ಇದ್ದರೆ ಬಾನೆಟ್ಟೂ ಮಡ್‌ಗಾರ್ಡೂ ಬೇರೆ ಗಾಡಿಯವು ಅನ್ನಿಸುತ್ತದೆ.

ಒಂದೇ ಸಲ ಅಳೆದು ಬಿಡಬೇಡಿ. ಮೆಷಿನನ್ನು ತಿರುಗಿಸಿ ಮೂರು ಸಲ ಅಳೆಯಿಸಿ. ಬಾಗಿದ ಜಾಗ, ಗೀರು ಬಿದ್ದ ಜಾಗ ಮೋಸ ಮಾಡುತ್ತವೆ. ಎಫ್‌ಇ35ರ ಕಂಚಿನಂಥ ಲೋಹದ ಪುಡಿ ಇರುವ ಬಣ್ಣಕ್ಕೆ ಒಂದೇ ಕೋನದಲ್ಲಿ ಅಳೆಯುವ ಮೆಷಿನ್ ಸಾಲದು.

ಮೆಷಿನ್ ಸಿಗದಿದ್ದರೆ ಶೇಡ್ ಕಾರ್ಡ್ ಇದೆ. ಪೇಂಟುಗಳ ಬಣ್ಣಕ್ಕೆ ನಮ್ಮ ದೇಶದ ಮಾನಕ ಐಎಸ್ 5. ಅದರಲ್ಲಿ 537 ಸಿಗ್ನಲ್ ರೆಡ್, 632 ಡಾರ್ಕ್ ಅಡ್ಮಿರಾಲ್ಟಿ ಗ್ರೇ. ಅಂಗಡಿಯವರ ಜೊತೆ ಮಾತು ಶುರುಮಾಡಲು ಇವು ಚೆನ್ನ. ಇದೇ ಟ್ರ್ಯಾಕ್ಟರಿನ ಬಣ್ಣ ಎಂದು ಮಾತ್ರ ತಿಳಿಯಬೇಡಿ. ಅಲ್ಲಿಂದ ಯಾವ ಕಡೆಗೆ ಎಷ್ಟು ಸರಿಯಬೇಕು ಎಂದು ನೋಡಬೇಕು.

ತಗಡಿನ ತುಂಡಿನ ಮೇಲೆ ಪರೀಕ್ಷೆ

100 ಎಂಎಲ್ ಮಾತ್ರ ಕಲಸಿ. ಕೆಂಪು ತಿಳಿ ಮಾಡಲು ಬಿಳಿ ಹಾಕಬೇಡಿ, ಗುಲಾಬಿ ಆಗುತ್ತದೆ. ಚೂರು ಕಿತ್ತಳೆ ಹಾಕಿ. ಇಟ್ಟಿಗೆ ಕಡೆ ಹೋದರೆ ನೀಲಿಗೆ ಎಳೆಯುವ ಕೆಂಪು, ಮರೂನ್ ಥರದ್ದು, ಒಂದೊಂದೇ ಹನಿ. ಕಪ್ಪು ಹಾಕಿದರೆ ಕೊಳಕಾಗುತ್ತದೆ. ಬೂದಿನಲ್ಲಿ ಬರೀ ಕಪ್ಪು-ಬಿಳಿ ಬೆರೆಸಿದರೆ ನೀಲಿ ಹೊಡೆಯುತ್ತದೆ. ಹಳೆ ಬೂದುಗಳಿಗೆ ಬೇಕಾದ ಬಿಸುಪು ಕಾವಿಯಂಥ ಹಳದಿಯ ಚೂರಿನಿಂದ ಬರುತ್ತದೆ. ಪ್ರತಿ ಹನಿಯನ್ನೂ ಬರೆದುಕೊಳ್ಳಿ.

ಪ್ರತಿ ಮಿಶ್ರಣವನ್ನೂ ತಗಡಿನ ತುಂಡಿನ ಮೇಲೆ ಹೊಡೆಯಿರಿ. ಗಾಡಿಗೆ ಹಾಕುವ ಪ್ರೈಮರ್, ಅಷ್ಟೇ ಕೋಟು, ಅದೇ ಸ್ಪ್ರೇ ಗನ್. ಕೆಂಪಿಗೆ ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರಿನ ಮೇಲೆ ಒಂದು ಥರ, ರೆಡ್ ಆಕ್ಸೈಡ್ ಪ್ರೈಮರಿನ ಮೇಲೆ ಇನ್ನೊಂದು ಥರ ಕಾಣುತ್ತದೆ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಎನಾಮೆಲ್ ಆರಿದ ಮೇಲೆ ಬಣ್ಣ ಬದಲಾಗುತ್ತದೆ. ಎರಡು ದಿನ ಬಿಟ್ಟು, ತುಂಡಿಗೆ ತೂತು ಹೊಡೆದು ಆ ತೂತನ್ನು ಮೂಲ ಬಣ್ಣದ ಮೇಲೆ ಇಟ್ಟು ನೋಡಿ. ತೂತು ಕಣ್ಣಿಗೆ ಮಾಯವಾದರೆ ಹೊಂದಿತು.

ಹಾರ್ಡನರ್ ಬೆರೆಸುವ 2ಕೆ ಪೇಂಟ್ ಹೊಡೆಯುವುದಾದರೆ ಬಟ್ಟೆಯ ಮಾಸ್ಕ್ ಸಾಲದು. ಹಾರ್ಡನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ದೊಡ್ಡ ಅಪಾಯ. ಹೊರಗಿನ ಗಾಳಿ ಕೊಡುವ ಮಾಸ್ಕ್ ಇರುವ ಬೂತಿನಲ್ಲೇ ಹೊಡೆಸಿ.

ಎರಡನೇ ಸಲ ನಮ್ಮ ಗಾಡಿಯ ಕೆಂಪು ಸಿಕ್ಕಿದ್ದು ಟೂಲ್ ಬಾಕ್ಸ್ ಹಿಂದೆ, ಅಂಗೈಯ ಕಾಲು ಭಾಗದಷ್ಟು ಜಾಗದಲ್ಲಿ. ಹನ್ನೊಂದನೇ ತುಂಡಿಗೆ ತೂತು ಮಾಯವಾಯಿತು. ಆ ತುಂಡಿನ ಹಿಂದೆ ಅಳತೆ, ತಾರೀಕು ಬರೆದು ಬೀರುವಿನಲ್ಲಿಟ್ಟಿದ್ದೇನೆ. ಟೂಲ್ ಬಾಕ್ಸ್ ಹಿಂದಿನ ಆ ಜಾಗಕ್ಕೆ ಟೇಪ್ ಅಂಟಿಸಿ, ಸುತ್ತ ಬಣ್ಣ ಹೊಡೆಸಿದೆವು. ಅಲ್ಲಿ ಫ್ಯಾಕ್ಟರಿಯ ಕೆಂಪು ಈಗಲೂ ಹಾಗೇ ಇದೆ.