ಕೆಸರಿನೊಳಗಿನ ನೇಗಿಲು

ಹಳೆಯ ಬೇಲಿ ಗೂಟವನ್ನು ಕಿತ್ತು ನೋಡಿ. ಮೇಲ್ಭಾಗ ಗಟ್ಟಿಯಾಗಿರುತ್ತದೆ. ಆಳದ ತುದಿಯೂ ಎಷ್ಟೋ ಸಲ ಚೆನ್ನಾಗಿರುತ್ತದೆ. ಪುಡಿಯಾಗಿರುವುದು ನೆಲದ ಮಟ್ಟದ ಒಂದು ಗೇಣು. ನೀರು ತಾಗಿದರೆ ಮರ ಕೊಳೆಯುತ್ತದೆ ಅನ್ನುವವರಿಗೆ ನಾನು ಈ ಗೂಟವನ್ನೇ ತೋರಿಸುತ್ತೇನೆ. ಮರ ತಿನ್ನುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆ ಗೇಣಿನಲ್ಲಿ ಎರಡೂ ಸಿಗುತ್ತವೆ.

ಡೆನ್ಮಾರ್ಕಿನ ರೈತರ ಮರದ ನೇಗಿಲುಗಳು 2000 ವರ್ಷಕ್ಕೂ ಹೆಚ್ಚು ಕಾಲ ಉಳಿದಿದ್ದು ಗಾಳಿ ತಾಗದಿದ್ದುದರಿಂದಲೇ. 1884ರಲ್ಲಿ ಡೋಸ್ಟ್ರುಪ್‌ನಲ್ಲಿ ಒಂದು ಸಿಕ್ಕಿತು, 1944ರಲ್ಲಿ ಡೊನೆರುಪ್‌ಲುಂಡ್‌ನಲ್ಲಿ ಇನ್ನೊಂದು. ಎರಡೂ ಸಿಕ್ಕಿದ್ದು ಪೀಟ್ ಜೌಗಿನಲ್ಲಿ. ಪೀಟ್ ಅಂದರೆ ಸತ್ತ ಪಾಚಿ ಪದರ ಪದರವಾಗಿ ಕೂತ ಕರಿ ಕೆಸರು. ಒಣಗಿಸಿದರೆ ಒಲೆಗೆ ಉರುವಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲಿಗೆ ಬರ ಬಂದಿದ್ದರಿಂದ ಅಲ್ಲಿ ಅಗೆತ ಜಾಸ್ತಿಯಾಗಿತ್ತು. ಹಳೇ ವಸ್ತುಗಳು ಮೇಲೆ ಬರಲು ಉರುವಲಿನ ಚಿಂತೆಯೇ ಕಾರಣ, ವಿಚಿತ್ರ ಅಲ್ವಾ?

ಜೌಗು ಒಂದು ದೊಡ್ಡ ಉಪ್ಪಿನಕಾಯಿ ಭರಣಿ. ಮೇಲಿನ ಪದರದ ಸೂಕ್ಷ್ಮಜೀವಿಗಳೇ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ನಿಂತ ನೀರಿನಲ್ಲಿ ಹೊಸ ಗಾಳಿ ಕೆಳಗಿಳಿಯುವುದಿಲ್ಲ. ಜೊತೆಗೆ ಸ್ಫ್ಯಾಗ್ನಮ್ ಎಂಬ ಆ ಪಾಚಿ ನೀರಿನಿಂದ ಖನಿಜ ಹೀರಿಕೊಂಡು ಹುಳಿ ಬಿಡುತ್ತದೆ. ಬಾಯಿ ಬಿಗಿದ ಭರಣಿ, ಒಳಗೆ ಹುಳಿ ನೀರು. ಬೂಷ್ಟು ಬರುವುದೆಲ್ಲಿಂದ? ಆಮ್‌ಸ್ಟರ್‌ಡ್ಯಾಮ್‌ನ ಅರಮನೆ 13,659 ಮರದ ಕಂಬಗಳ ಮೇಲೆ ನಿಂತಿದೆ. ಅಲ್ಲಿ ಹುಳಿಯ ಮಾತಿಲ್ಲ, ಆದರೆ ಗಾಳಿ ತಾಗದ ಗುಟ್ಟು ಇದೇ. ನೆಲದ ನೀರು ಇಳಿದರೆ ಅಪಾಯ.

ಆದರೂ ಮರ ಪೂರ್ತಿ ಉಳಿಯುವುದಿಲ್ಲ. ಮರದ ನಾರಿನ ಅಂಶವಾದ ಸೆಲ್ಯುಲೋಸ್ ಮೆಲ್ಲಗೆ ಕರಗುತ್ತದೆ, ಆ ನಾರನ್ನು ಬೆಸೆದಿಡುವ ಲಿಗ್ನಿನ್ ಉಳಿಯುತ್ತದೆ, ಖಾಲಿ ಜಾಗದಲ್ಲಿ ನೀರು ಕೂರುತ್ತದೆ. ನೀರು ತುಂಬಿದ ಪ್ಲಾಸ್ಟಿಕ್ ಕವರ್ ಉಬ್ಬಿಕೊಂಡು ಗಟ್ಟಿಯಾಗಿ ಕಾಣುತ್ತದಲ್ಲ, ಹಾಗೆ. ನೀರು ಹೋದರೆ ಕುಸಿತ. ಹೊರತೆಗೆದ ನೇಗಿಲನ್ನು ಸುಮ್ನೆ ಬಿಸಿಲಿಗೆ ಇಟ್ಟರೆ ಸುಕ್ಕಾಗಿ ಸೀಳಿಹೋಗುತ್ತದೆ. ಅದಕ್ಕೇ ಈಗಿನ ಮ್ಯೂಸಿಯಂಗಳು ಇಂಥ ಮರವನ್ನು ತಿಂಗಳುಗಟ್ಟಲೆ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ನೆನೆಸುತ್ತವೆ. ನೀರಿದ್ದ ಜಾಗದಲ್ಲಿ ಮೇಣದಂಥ ಆ ವಸ್ತು ಕೂರುತ್ತದೆ.

ಈ ನೇಗಿಲುಗಳು ಮಣ್ಣನ್ನು ಮಗುಚುವುದಿಲ್ಲ, ಸೀಳುತ್ತವೆ. ನಮ್ಮ ಮರದ ನಾಟಿ ನೇಗಿಲಿನ ಜಾತಿಯೇ. ಕೆಲವು ಕುಳಗಳಲ್ಲಿ ಒಂದು ಮಗ್ಗುಲು ಜಾಸ್ತಿ ಸವೆದಿದೆ. ಉಳುವವನು ನೇಗಿಲನ್ನು ಒಂದು ಕಡೆಗೆ ಓರೆಯಾಗಿ ಹಿಡಿದಿದ್ದ.