ಬ್ಯಾಂಕಾಕ್: ಮೊದಲ ದಿನ ಬೆಳಗ್ಗೆಯೇ ದೋಣಿ ಹತ್ತಿ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಗ್ರೂಪ್ ಕರೆದುಕೊಂಡು ಹೋಗುವುದು ನನ್ನ ಕೆಲಸ. 'ಏನೇನು ನೋಡಬೇಕು ಸಾರ್?' ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೊದಲ ದಿನದ ಬೆಳಗ್ಗೆಯನ್ನು ಹಳೇ ಊರಿಗೆ ಇಡಿ, ಅಲ್ಲಿಗೆ ನದಿಯ ಮೇಲೆ ಹೋಗಿ. ಶಾಪಿಂಗ್ ಸಂಜೆ ಮಾಡಿದರೂ ಆಗುತ್ತದೆ.

1782ರಲ್ಲಿ ಥಾಯ್ ದೊರೆ ಮೊದಲನೇ ರಾಮ ರಾಜಧಾನಿಯನ್ನು ಚಾವೊ ಫ್ರಾಯ ನದಿಯ ಪೂರ್ವ ದಡಕ್ಕೆ ತಂದ. ಅರಮನೆ, ದೊಡ್ಡ ದೇವಾಲಯಗಳು ಎಲ್ಲ ನೀರಿನ ಪಕ್ಕದಲ್ಲೇ ಇವೆ. ಹೀಗಿರುವಾಗ ಟ್ಯಾಕ್ಸಿ ಹತ್ತಿ ಟ್ರಾಫಿಕ್‌ನಲ್ಲಿ ಯಾಕೆ ಕೂರಬೇಕು? ಬಿಟಿಎಸ್ ಸ್ಕೈಟ್ರೇನ್‌ನಲ್ಲಿ (ನಮ್ಮ ಮೆಟ್ರೋ ಥರದ ರೈಲು) ಸಫಾನ್ ತಾಕ್ಸಿನ್ ಸ್ಟೇಷನ್‌ಗೆ ಬನ್ನಿ. ಕೆಳಗಿಳಿದರೆ ಅಲ್ಲೇ ದೋಣಿ ನಿಲ್ದಾಣ. ಕಿತ್ತಳೆ ಬಾವುಟದ ದೋಣಿ ಹತ್ತಿ. ಅದು ಊರಿನವರೇ ಓಡಾಡುವ ದೋಣಿ, ಪ್ರವಾಸಿಗರ ದೋಣಿಗಿಂತ ತುಂಬಾ ಅಗ್ಗ. ಥಾ ಚಾಂಗ್‌ನಲ್ಲಿ ಇಳಿದರೆ ಗ್ರ್ಯಾಂಡ್ ಪ್ಯಾಲೇಸ್‌ಗೆ ನಡೆದೇ ಹೋಗಬಹುದು.

ದಾರಿಯಲ್ಲಿ ಯಾರಾದರೂ 'ಇವತ್ತು ಅರಮನೆ ಬಂದ್, ಬೇರೆ ಕಡೆ ತೋರಿಸ್ತೀನಿ ಬನ್ನಿ' ಅಂದರೆ ನಿಲ್ಲಬೇಡಿ. ಅವರು ಹತ್ತಿಸುವ ಟುಕ್‌ಟುಕ್ (ಅಲ್ಲಿನ ಆಟೋ) ಹೋಗಿ ನಿಲ್ಲುವುದು ಹರಳಿನ ಅಂಗಡಿ ಮುಂದೆ. ಬಂದ್ ಇದೆಯೋ ಇಲ್ಲವೋ ಅನ್ನುವುದನ್ನು ಗೇಟಿನ ಹತ್ತಿರ ಹೋಗಿ ನೀವೇ ನೋಡಿ. ಬೆಳಗ್ಗೆ 8:30ಕ್ಕೆ ತೆರೆಯುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡಿರಬೇಕು. ಗಂಡಸರಿಗೂ ಇದೇ ನಿಯಮ, ಚಡ್ಡಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ.

ಅರಮನೆಯ ಆವರಣದಲ್ಲೇ ವಾಟ್ ಫ್ರಾ ಕೇವ್ ಇದೆ. ಹಸಿರು ಕಲ್ಲಿನ ಬುದ್ಧನ ಗುಡಿ ಇದು. ಮೂರ್ತಿಯ ಎತ್ತರ ಸುಮಾರು 66 ಸೆಂಟಿಮೀಟರ್ ಅಷ್ಟೇ. ಬೇಸಿಗೆ, ಮಳೆ, ಚಳಿ, ಹೀಗೆ ವರ್ಷಕ್ಕೆ ಮೂರು ಸಲ ಉಡುಗೆ ಬದಲಾಗುತ್ತದೆ. ಬದಲಿಸುವವರು ರಾಜರೇ. ಹೆಚ್ಚಿನವರು ಇದನ್ನು ನೋಡಿ, ಹೊರಗೆ ಬಂದು ಫೋಟೋ ತೆಗೆದು ಹೊರಟುಬಿಡುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಆಗಲೇ. ಯಾಕೆಂದರೆ ಗುಡಿಯ ಸುತ್ತಲಿನ ಮೊಗಸಾಲೆಯಲ್ಲಿ 178 ಚಿತ್ರಗಳಿವೆ. ಇಡೀ ರಾಮಾಯಣವೇ ಗೋಡೆ ಮೇಲಿದೆ! ಥಾಯ್ ಜನ ಇದನ್ನು ರಾಮಕಿಯೆನ್ ಅನ್ನುತ್ತಾರೆ.

ನಮ್ಮವರಿಗೆ ಅಲ್ಲಿ ಗೈಡ್ ಕೂಡ ಬೇಕಾಗಿಲ್ಲ. ಹಸಿರು ಮೈಯವನು ರಾಮ, ಬಿಳಿ ಕೋತಿ ಹನುಮಂತ. ಒಂದು ಚಿತ್ರದಲ್ಲಿ ಹನುಮಂತ ಬೆಟ್ಟದಷ್ಟು ಬೆಳೆದಿದ್ದಾನೆ, ಬಾಯಲ್ಲಿ ಒಂದು ಮಂಟಪವಿದೆ. ರಾಮ ಮಲಗಿರುವುದು ಆ ಮಂಟಪದಲ್ಲಿ. ಕದ್ದೊಯ್ಯಲು ಮೈಯರಾಪ್, ಅಂದರೆ ನಮ್ಮ ಮೈರಾವಣ, ಬರುತ್ತಿದ್ದಾನೆ, ಅದಕ್ಕೇ ಈ ಕಾವಲು. ಯಕ್ಷಗಾನದ 'ಮೈರಾವಣ ಕಾಳಗ' ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ನಮ್ಮಲ್ಲಿ ಹನುಮಂತ ಬಾಲದಲ್ಲೇ ಕೋಟೆ ಕಟ್ಟುತ್ತಾನೆ, ಅಲ್ಲಿ ಬಾಯಲ್ಲೇ ಇಟ್ಟು ಕಾಯುತ್ತಾನೆ. ರಾಮಕಿಯೆನ್‌ನಲ್ಲಿ ಸೀತೆ ರಾವಣನ ಮಗಳು. ಕನ್ನಡದ ಜನಪದ ರಾಮಾಯಣದಲ್ಲೂ ಅವಳು ರಾವಣನಿಗೇ ಹುಟ್ಟಿದವಳು. ಉತ್ತರದ ಬಾಗಿಲಿನಿಂದ ಶುರು ಮಾಡಿ, ಮಕ್ಕಳಿಗೆ ಕಥೆ ಹೇಳುತ್ತಾ ನಡೆಯಿರಿ. ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ನೆರಳೂ ಇರುತ್ತದೆ.

ಅಲ್ಲಿಂದ ವಾಟ್ ಫೋ ದೇವಾಲಯ ಹತ್ತಿರವೇ ಇದೆ. ಮಲಗಿರುವ ಬುದ್ಧ 46 ಮೀಟರ್ ಉದ್ದ. ಎಲ್ಲರೂ ಮುಖದ ಹತ್ತಿರ ಗುಂಪು ಕಟ್ಟುತ್ತಾರೆ. ನೀವು ಪಾದದ ಕಡೆ ಹೋಗಿ. ಅಂಗಾಲಿನಲ್ಲಿ ಹೊಳೆಯುವ ಕಪ್ಪೆಚಿಪ್ಪಿನಿಂದ ಮಾಡಿದ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಅದನ್ನು ಸಾವಕಾಶವಾಗಿ ನೋಡಬೇಕು. ಆಮೇಲೆ ಥಾ ತಿಯೆನ್‌ನಿಂದ ದೋಣಿಯಲ್ಲಿ ನದಿ ದಾಟಿದರೆ ವಾಟ್ ಅರುಣ್ ದೇವಾಲಯ. ದೂರದಿಂದ ಕಲ್ಲಿನ ಗೋಪುರದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಮೈತುಂಬ ಚೀನೀ ಪಿಂಗಾಣಿಯ ಚೂರುಗಳು.

ಇಷ್ಟು ಸಾಕು ಆ ದಿನಕ್ಕೆ. ಮಧ್ಯಾಹ್ನದ ಬಿಸಿಲು ಮತ್ತು ಸೆಕೆ ಜಾಸ್ತಿ. ಏಪ್ರಿಲ್‌ನಲ್ಲಂತೂ ಹಿರಿಯರನ್ನು ಹೋಟೆಲ್‌ಗೆ ಕಳಿಸಿಬಿಡಿ. ಟ್ರಿಪ್ಪೇ ನವೆಂಬರ್‌ನಿಂದ ಫೆಬ್ರವರಿ ಒಳಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸಸ್ಯಾಹಾರಿಗಳಿಗೆ ಒಂದು ಮಾತು. ಬರೀ 'ವೆಜ್' ಅಂದರೆ ಮೀನಿನ ಸಾಸ್ ಹಾಕಿ ಕೊಟ್ಟಾರು. 'ಜೇ' ಅಂತ ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಬೆಳ್ಳುಳ್ಳಿಯೂ ಹಾಕುವುದಿಲ್ಲ, ಹಾಗಾಗಿ ಅದನ್ನು ಮುಟ್ಟದ ಅಜ್ಜಿಯರೂ ಹೊಟ್ಟೆತುಂಬ ಉಣ್ಣಬಹುದು.