ಸ್ಟೂಲಿನ ಮೇಲಿನ ಹುಡುಗನೂ ಲಂಡನ್ ಬಸ್ಸಿನ ಕಂಡಕ್ಟರೂ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿರುವ ನಮ್ಮಣ್ಣನ ಮಗನಿಗೆ 19 ವರ್ಷ. ಐಟಿಐ ಮುಗಿಸಿ ಸೇರಿ ಇನ್ನೂ ವರ್ಷ, ಆಗಲೇ ಯೂನಿಫಾರ್ಮ್ ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕು. ‘ಮೈಕೈ ತುಂಬ್ಕೊಂಡಿದಾನೆ’ ಎಂದು ಅಜ್ಜಿಗೆ ಹಿಗ್ಗು. ಸೂಪರ್‌ವೈಸರ್ ಕಣ್ಣಿಗೆ ಸೋಮಾರಿ. ಇಬ್ಬರೂ ನೋಡಬೇಕಾದ್ದು ಅವನ ಸ್ಟೂಲನ್ನು. ಕಂಪ್ಯೂಟರ್ ಆಣತಿಯಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಜಾಬ್ (ಕೊರೆಯಬೇಕಾದ ತುಂಡು) ಕಟ್ಟಿ, ಬಾಗಿಲೆಳೆದು, ಹಸಿರು ಗುಂಡಿ ಒತ್ತಿದರೆ ಮುಂದಿನದೆಲ್ಲ ಯಂತ್ರದ್ದೇ. ಅವನು ಕೂತು ಕಾಯುತ್ತಾನೆ, ದಿನಕ್ಕೆ ಎಂಟು ಗಂಟೆ.

ಕೂತು ಮಾಡುವ ಕೆಲಸದ ಬೆಲೆಯನ್ನು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಲೆಕ್ಕ ಹಾಕಿದವರು ಬ್ರಿಟನ್ನಿನ ವೈದ್ಯವಿಜ್ಞಾನಿ ಜೆರ್ರಿ ಮಾರಿಸ್. ಡ್ರೈವರುಗಳಿಗಿಂತ, ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು 1953ರಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಇಬ್ಬರ ಯೂನಿಫಾರ್ಮ್ ಅಳತೆಗಳನ್ನೂ ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ದಪ್ಪ, ಎಳೆ ವಯಸ್ಸಿನವರಲ್ಲೂ! ದಪ್ಪಗಿದ್ದವರೇ ಡ್ರೈವರ್ ಆದರೋ, ಡ್ರೈವರ್ ಆಗಿ ದಪ್ಪಗಾದರೋ? ತನ್ನ ಫಲಿತಾಂಶವನ್ನು ತಾನೇ ಹೀಗೆ ಒರೆಗೆ ಹಚ್ಚುವ ವಿಜ್ಞಾನ ಕಂಡರೆ ನನಗೆ ಬಹಳ ಪ್ರೀತಿ.

1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ತಂಡ 16 ಜನರಿಗೆ ಎಂಟು ವಾರ, ದಿನಕ್ಕೆ 1000 ಕಿಲೋಕ್ಯಾಲರಿ ಹೆಚ್ಚಿಗೆ ಉಣ್ಣಿಸಿತು. ಒಬ್ಬರಿಗೆ ಏರಿದ ಕೊಬ್ಬು ಅರ್ಧ ಕಿಲೋವೂ ಇಲ್ಲ, ಇನ್ನೊಬ್ಬರಿಗೆ 4 ಕಿಲೋ ದಾಟಿತು. ಈ ಅಂತರಕ್ಕೆ ಮುಖ್ಯ ಕಾರಣ ವ್ಯಾಯಾಮವಲ್ಲ. ಏಳುವುದು, ನಿಲ್ಲುವುದು, ಕಾಲಾಡಿಸುವುದು, ಅತ್ತಿತ್ತ ಓಡಾಡುವುದು, ಇವುಗಳಲ್ಲೇ ತುಸುತುಸುವಾಗಿ ಉರಿದುಹೋಗುವ ಶಕ್ತಿ. ಸಿಗ್ನಲ್‌ನಲ್ಲಿ ನಿಂತ ಆಟೋ ಎಂಜಿನ್ ಆರಿಸದಿದ್ದರೆ ಗ್ಯಾಸ್ ಉರಿಯುತ್ತಲೇ ಇರುತ್ತದಲ್ಲ, ಹಾಗೆ. ತೊಟ್ಟಿಕ್ಕುವ ನಲ್ಲಿ ಬೆಳಗಾಗುವುದರೊಳಗೆ ಬಕೆಟ್ ತುಂಬಿಸುತ್ತದಲ್ಲ, ಹಾಗೆ. ಸ್ಟೂಲು ಆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿಬಿಡುತ್ತದೆ.

ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿಸಿದರೆ ಕೊಬ್ಬು ಕರಗದು, ಜೇನೂ ಸಕ್ಕರೆಯೇ. ನೋಟಿಸ್ ಬೋರ್ಡಿನಲ್ಲಿ ಹುಡುಗರ ತೂಕ ಬರೆದು ಹಾಕುವುದಂತೂ ಕ್ರೌರ್ಯ. ಬದಲಾಗಬೇಕಾದ್ದು ಕೆಲಸದ ಜಾಗ. ಒಂದೇ ಯಂತ್ರಕ್ಕೆ ಕಟ್ಟಿಹಾಕದೆ ಅಳತೆ ಪರೀಕ್ಷೆ, ಸ್ಟೋರಿನ ಓಡಾಟ ಎಲ್ಲವನ್ನೂ ಸರದಿಯಲ್ಲಿ ಕೊಡಲಿ. ಕಲಿಯಲೆಂದೇ ಬಂದವರು ಅವರು.

ಇನ್ನು ಕ್ಯಾಂಟೀನು. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಅದನ್ನು ಕಡ್ಡಾಯಗೊಳಿಸಲು 1948ರ ಕಾರ್ಖಾನೆ ಕಾಯ್ದೆಯೇ ದಾರಿ ಮಾಡಿತ್ತು. ಅದರ ಆಡಳಿತದಲ್ಲಿ ಕೆಲಸಗಾರರಿಗೂ ಜಾಗ ಕಲ್ಪಿಸಿತ್ತು. ಅಂಥ ಸಮಿತಿಯಲ್ಲಿ ಒಬ್ಬ ಅಪ್ರೆಂಟಿಸೂ ಕೂರಲಿ. ಟೀ ಕ್ಯಾನಿಗೆ ಮೊದಲೇ ಸಕ್ಕರೆ ಸುರಿಯಬೇಡಿ, ಪಕ್ಕದಲ್ಲಿಡಿ ಎಂದು ಕೇಳಲಿ. ಲೋಟಕ್ಕೆ ಎರಡು ಚಮಚ, ದಿನಕ್ಕೆ ಐದು ಲೋಟ, ಚಮಚಕ್ಕೆ 5 ಗ್ರಾಂ ಎಂದರೂ 50 ಗ್ರಾಂ ಸಕ್ಕರೆ, 200 ಕಿಲೋಕ್ಯಾಲರಿ. ನಮ್ಮ ಹುಡುಗ ಅಷ್ಟನ್ನೂ ಸ್ಟೂಲಿನ ಮೇಲೆ ಕೂತೇ ಕುಡಿಯುತ್ತಾನೆ.